ಅಪ್ಪನಿಗೆ ಹೇಳದೆ ಅಪ್ಪನ ಚಿಕಿತ್ಸೆ: ಬಾಯಿ ಕ್ಯಾನ್ಸರಿನ ಒಂದು ಪ್ರಕರಣ

ಕ್ಯಾನ್ಸರ್ ರೋಗಿಗಳ ಮನೆಯವರ ಜೊತೆ ಕೆಲಸ ಮಾಡುವುದು ನನ್ನ ಉದ್ಯೋಗ. ಕಾಗದಪತ್ರದಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆ, ರೋಗಿಗಳ ಬಾಯಲ್ಲಿ ‘ಕಾರ್ಡ್ ಮಾಡಿಸಿಕೊಡೋ ಮೇಡಂ’. ಈ ಪ್ರಕರಣವನ್ನು ಆ ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಕಾರಣ ಇಷ್ಟೇ: ಪ್ರೀತಿಯಿಂದಲೇ ನೋಡಿಕೊಂಡ ಮನೆ ಇದು. ಆದರೂ ಚಿಕಿತ್ಸೆ ಅರ್ಧಕ್ಕೆ ನಿಲ್ಲುವ ಹಂತಕ್ಕೆ ಬಂದಿತ್ತು. ಮತ್ತೆ ಅದು ಹಳಿಗೆ ಬಂದಿದ್ದು ಕಾಯಿಲೆಯ ವಿಷಯವನ್ನು ಕಾಯಿಲೆ ಬಂದವರ ಕೈಗೇ ಕೊಟ್ಟ ಮೇಲೆ.

ಮನೆ

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 58 ವರ್ಷ. ಎರಡು ಎಕರೆಗೆ ಸ್ವಲ್ಪ ಕಡಿಮೆ ಅಡಿಕೆ ತೋಟ, ಒಂದು ಬೋರ್. ಓದಿದ್ದು ಏಳನೇ ಕ್ಲಾಸು, ಆದರೆ ದಿನಾ ಬೆಳಿಗ್ಗೆ ಟೀ ಅಂಗಡಿಯಲ್ಲಿ ಕೂತು ಪೇಪರನ್ನು ಕಡೇ ಪುಟದವರೆಗೆ ಓದುವವರು. ಅಮ್ಮನಿಗೆ 53, ಸಕ್ಕರೆ ಕಾಯಿಲೆ. ಹಿರಿಮಗ ಬೆಂಗಳೂರಿನ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ, ಶಿಫ್ಟ್ ಡ್ಯೂಟಿ. ಮಗಳನ್ನು ಹೊನ್ನಾಳಿಗೆ ಕೊಟ್ಟಿದೆ. ಕಿರಿಮಗ ಊರಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಾನೆ. ಅವನ ಹೆಂಡತಿ, ಮೂರು ವರ್ಷದ ಮಗು ಅದೇ ಮನೆಯಲ್ಲಿ.

ಅಪ್ಪ ಇಪ್ಪತ್ತರ ವಯಸ್ಸಿನಿಂದ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಹಾಕುತ್ತಿದ್ದರು. ಎಡಗಡೆ ಕೆನ್ನೆಯಲ್ಲಿ ಇಟ್ಟುಕೊಂಡರೆ ಗಂಟೆಗಟ್ಟಲೆ ತೆಗೆಯುತ್ತಿರಲಿಲ್ಲ. ಕೆಲವು ರಾತ್ರಿ ಹಾಗೇ ನಿದ್ದೆ ಹೋಗುವುದೂ ಇತ್ತು. ಅಡಿಕೆ ಬೆಳೆಯುವ ಸೀಮೆಯಲ್ಲಿ ಇದನ್ನು ಚಟ ಎಂದು ಯಾರೂ ಕರೆಯುವುದಿಲ್ಲ, ಬಂದವರಿಗೆ ಮೊದಲು ಕೊಡುವುದೇ ಎಲೆ ತಟ್ಟೆ. ತಪ್ಪೆಲ್ಲ ಹೊಗೆಸೊಪ್ಪಿನದು, ಅಡಿಕೆಯದೇನಿಲ್ಲ ಎಂಬ ಮಾತನ್ನು ಆ ಕಡೆಯಿಂದ ಬಂದವರೆಲ್ಲ ಹೇಳುತ್ತಾರೆ. ಆ ಬೆಳೆಯ ಮೇಲೇ ಬದುಕುವವರಿಗೆ ಇದನ್ನು ಹೇಳುವುದು ನನಗೂ ಸುಲಭವಲ್ಲ, ಆದರೆ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಬೆರೆಸದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದ ಬಾಯಿಯ ಒಳಪದರ ಗಡುಸಾಗುತ್ತಾ ಹೋಗಿ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ಬೇರೆ ಇದೆ. ಈ ಅಪ್ಪನಿಗೆ ಅದೂ ಇತ್ತು. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಲು ಆಗಬೇಕು. ಇವರಿಗೆ ಎರಡು ಬೆರಳು ಹೋಗುವುದೇ ಕಷ್ಟವಿತ್ತು. ಖಾರ ತಿಂದರೆ ಬಾಯಿ ಉರಿ ಎಂದು ವರ್ಷಗಳಿಂದ ಹೇಳುತ್ತಿದ್ದರಂತೆ. ಮನೆಯಲ್ಲಿ ಅದಕ್ಕೆ ಮಾಡಿದ ಉಪಾಯ ಸಾರಿಗೆ ಖಾರ ಕಡಿಮೆ ಹಾಕಿದ್ದು.

ಪತ್ತೆಯಾದದ್ದು

ಎಡಗಡೆ ಕೆಳದವಡೆಯ ಹಲ್ಲೊಂದು ಅಲುಗಾಡತೊಡಗಿತು. ಹತ್ತಿರದ ಊರಲ್ಲಿ ಕೀಳಿಸಿಕೊಂಡರು. ಕಿತ್ತ ಜಾಗ ಮಾಯಲೇ ಇಲ್ಲ. ಮುಲಾಮು, ಬಿ ಕಾಂಪ್ಲೆಕ್ಸ್ ಮಾತ್ರೆ, ಆಂಟಿಬಯಾಟಿಕ್ ಎಂದು ಎರಡು ತಿಂಗಳು ಹೋಯಿತು. ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಹುಣ್ಣಾಗಲಿ, ಹಲ್ಲು ಕಿತ್ತ ಗಾಯವಾಗಲಿ ಮೂರು ವಾರ ದಾಟಿದರೂ ಮಾಯದಿದ್ದರೆ ಅಲ್ಲಿಂದ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಬೇಕು. ಆ ಎರಡು ತಿಂಗಳಲ್ಲಿ ಯಾರೂ ಕಳಿಸಲಿಲ್ಲ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕ ಮೇಲೆ ಮಗಳು ಹಟ ಹಿಡಿದು ದಾವಣಗೆರೆಗೆ ಕರೆದುಕೊಂಡು ಹೋದಳು. ವರದಿ ಬಂತು: ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಅಂದರೆ ಬಾಯಿಯ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್.

ವರದಿ ಮೊದಲು ಸಿಕ್ಕಿದ್ದು ಹಿರಿಮಗನ ಮೊಬೈಲಿಗೆ. ಆಮೇಲೆ ಬೆಂಗಳೂರಿನಲ್ಲಿ ಸಿಟಿ ಸ್ಕ್ಯಾನ್ ಆಗಿ ಫೈಲಿನ ಮೇಲೆ ‘ಸ್ಟೇಜ್ 4ಎ’ ಎಂದು ಬರೆದಾಗಲೂ ಅದನ್ನು ಮೊದಲು ನೋಡಿದವನು ಅವನೇ. ಇಂಟರ್‌ನೆಟ್ಟಿನಲ್ಲಿ ಹುಡುಕಿದ. ನಾಲ್ಕನೇ ಹಂತ ಎಂದರೆ ಕಡೇ ಹಂತ ಎಂದು ಓದಿಕೊಂಡ. ಆ ರಾತ್ರಿ ತಂಗಿಗೆ, ತಮ್ಮನಿಗೆ ಫೋನ್ ಮಾಡಿ, ‘ಅಪ್ಪನಿಗೆ ಹೇಳೋದು ಬೇಡ, ಎದೆ ಒಡ್ಕೊಂಡ್ಬಿಡ್ತಾರೆ’ ಎಂದ. ಅಮ್ಮನಿಗೂ ಅರ್ಧವನ್ನೇ ಹೇಳಿದರು. ಅಪ್ಪನಿಗೆ ಹೇಳಿದ್ದು: ‘ಹುಣ್ಣು ಸ್ವಲ್ಪ ಜೋರಾಗೈತೆ, ಆಪರೇಷನ್ ಮಾಡಿ ತೆಗೆದ್ರೆ ಸರಿಹೋಗ್ತದೆ.’

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಈ ‘ನಾಲ್ಕು’ ಎಷ್ಟೋ ಮನೆಗಳ ಧೈರ್ಯ ಕೆಡಿಸುವುದನ್ನು ನೋಡಿದ್ದೇನೆ. ಬಾಯಿ ಕ್ಯಾನ್ಸರಿನಲ್ಲಿ ಗೆಡ್ಡೆ ದವಡೆಯ ಮೂಳೆಯೊಳಗೆ ಹೊಕ್ಕಿದ್ದರೆ ಸಾಕು, ಅದು 4ಎ ಆಗುತ್ತದೆ. ಶ್ವಾಸಕೋಶಕ್ಕೋ ಬೇರೆಡೆಗೋ ಹರಡಿದ್ದರೆ ಅದು 4ಸಿ. ಎರಡೂ ‘ನಾಲ್ಕು’ ಆದರೂ ಇವೆರಡರ ನಡುವೆ ಬಹಳ ಅಂತರವಿದೆ. 4ಎ ಎಂದರೆ ಶಸ್ತ್ರಚಿಕಿತ್ಸೆ, ಆಮೇಲೆ ರೇಡಿಯೇಷನ್ ಕೊಟ್ಟು ಕಾಯಿಲೆಯನ್ನು ಗುಣಪಡಿಸಲೆಂದೇ ಚಿಕಿತ್ಸೆ ಮಾಡುತ್ತಾರೆ. ಗುಣವಾಗುತ್ತದೆಂಬ ಭರವಸೆ ಯಾರೂ ಕೊಡುವುದಿಲ್ಲ, ಆದರೆ ಗುರಿ ಅದೇ. ಸರ್ಜನ್ ಇದನ್ನು ಹೇಳಿದ್ದರು. ಮಗನಿಗೆ ಆ ಹೊತ್ತಿನಲ್ಲಿ ಕೇಳಿಸಿದ್ದು ನಾಲ್ಕು ಎಂಬುದು ಮಾತ್ರ.

ಆಪರೇಷನ್

ಮನೆಯಲ್ಲಿ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿದ್ದರೆ ಓಡಾಟ ಬಹಳ ಕಡಿಮೆಯಾಗುತ್ತದೆ. ಇವರು ಅದನ್ನು ದಾವಣಗೆರೆಯಲ್ಲೇ ಬರೆಸಿಕೊಂಡು ಬಂದಿದ್ದರು. ಹಾಗಾಗಿ ಶಸ್ತ್ರಚಿಕಿತ್ಸೆಗೂ ರೇಡಿಯೇಷನ್ನಿಗೂ ಕೈಯಿಂದ ಕಟ್ಟುವ ಪ್ರಮೇಯ ಬರಲಿಲ್ಲ. ಕೈಯಿಂದ ಹೋಗಿದ್ದು ಉಳಿದಿದ್ದಕ್ಕೆ: ಶುರುವಿನ ಸ್ಕ್ಯಾನು, ಪರೀಕ್ಷೆಗಳು, 250 ಕಿಲೋಮೀಟರಿನ ಓಡಾಟ, ಇಬ್ಬರ ಊಟ, ಹಿರಿಮಗನ ಸಂಬಳ ಕಡಿತ. ಯಾವ ಪ್ಯಾಕೇಜಿನಲ್ಲೂ ಬರೆಯದ ಈ ಖರ್ಚು ಸದ್ದಿಲ್ಲದೆ ಬೆಳೆಯುತ್ತದೆ. ಅಮ್ಮನ ಎರಡೆಳೆ ಸರ ಒತ್ತೆ ಹೋಯಿತು. ಆ ವರ್ಷದ ಅಡಿಕೆಯನ್ನು ಕಿರಿಮಗ ಕೇಣಿಗೆ, ಅಂದರೆ ಮರದಲ್ಲಿರುವಾಗಲೇ ದರ ಗೊತ್ತುಮಾಡಿ ವ್ಯಾಪಾರಿಗೆ, ಕೊಟ್ಟು ಮುಂಗಡ ತಂದ. ಇದೂ ಅಪ್ಪನಿಗೆ ಹೇಳದ ವಿಷಯಗಳ ಪಟ್ಟಿಗೆ ಸೇರಿತು.

ಶಸ್ತ್ರಚಿಕಿತ್ಸೆ ದೊಡ್ಡದೇ. ಎಡ ಕೆನ್ನೆಯ ಒಳಭಾಗ, ಎಡ ದವಡೆಯ ಮೂಳೆಯ ಒಂದು ತುಂಡು, ಕುತ್ತಿಗೆಯ ಗಂಟುಗಳು ತೆಗೆದರು. ಆ ಜಾಗ ತುಂಬಲು ಎದೆಯ ಸ್ನಾಯುವನ್ನು ಚರ್ಮದ ಸಮೇತ ಮೇಲಕ್ಕೆ ತಿರುಗಿಸಿ ಹೊಲಿದರು. ಉಸಿರಾಟಕ್ಕೆ ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ, ಊಟಕ್ಕೆ ಮೂಗಿನಿಂದ ಹೊಟ್ಟೆಗೆ ನಳಿಕೆ. ಹುಣ್ಣು ತೆಗೆಯುತ್ತಾರೆ ಎಂದಷ್ಟೇ ಮನೆಯವರಿಂದ ಕೇಳಿ ಒಳಗೆ ಹೋದವರು ಎಚ್ಚರವಾದಾಗ ಇದನ್ನೆಲ್ಲ ಕಂಡರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಡಾಕ್ಟರು ಆಪರೇಷನ್ ಬಗ್ಗೆ ವಿವರಿಸಿದ್ದರು ನಿಜ. ಮಕ್ಕಳು ಸುತ್ತ ನಿಂತು ‘ಏನಾಗಲ್ಲ ಅಪ್ಪಾಜಿ, ಸಹಿ ಹಾಕಿ’ ಎನ್ನುತ್ತಿದ್ದಾಗ ಅಪ್ಪ ಒಂದೂ ಪ್ರಶ್ನೆ ಕೇಳದೆ ಸಹಿ ಹಾಕಿದ್ದರು.

ಹತ್ತು ದಿನದಲ್ಲಿ ಕುತ್ತಿಗೆಯ ಕೊಳವೆ ತೆಗೆದರು. ಹೊಲಿಗೆಯ ಒಂದು ಕಡೆ ಸ್ವಲ್ಪ ಸೋರುತ್ತಿದ್ದುದರಿಂದ ಮೂಗಿನ ನಳಿಕೆ ಇಟ್ಟುಕೊಂಡೇ ಊರಿಗೆ ಕಳಿಸಿದರು. ತೆಗೆದ ಗೆಡ್ಡೆಯ ವರದಿಯಲ್ಲಿ ಅಂಚುಗಳು ಸ್ವಚ್ಛವಾಗಿದ್ದವು, ಅಂದರೆ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಆದರೆ ಒಂದು ಗಂಟಿನಲ್ಲಿ ಕ್ಯಾನ್ಸರ್ ಗಂಟಿನ ಹೊದಿಕೆ ಒಡೆದು ಹೊರಬಂದಿತ್ತು. ಹಾಗಿದ್ದರೆ ಬರೀ ರೇಡಿಯೇಷನ್ ಸಾಲದು, ಜೊತೆಗೆ ಕಿಮೋ ಬೇಕು. ರೇಡಿಯೇಷನ್ ಆಪರೇಷನ್ ಆದ ಆರು ವಾರದೊಳಗೆ ಶುರುವಾಗಬೇಕು. ತಡವಾದಷ್ಟೂ ಅದರಿಂದಾಗುವ ಲಾಭ ಕಡಿಮೆ.

ಸೊಸೆ

ಊರಿನಲ್ಲಿದ್ದ ಆ ನಾಲ್ಕೈದು ವಾರ ಎರಡು ಗಂಟೆಗೊಮ್ಮೆ ನಳಿಕೆಯಲ್ಲಿ ಊಟ ಕೊಟ್ಟವಳು ಸೊಸೆ. ರಾಗಿ ಅಂಬಲಿ, ಹಾಲು, ಬೇಳೆಕಟ್ಟು, ಬೇಯಿಸಿದ ಮೊಟ್ಟೆ, ಹುರಿದ ಕಡಲೆಕಾಯಿ, ಬಾಳೆಹಣ್ಣು, ಎಲ್ಲವನ್ನೂ ಮಿಕ್ಸಿಗೆ ಹಾಕಿ ತೆಳುಬಟ್ಟೆಯಲ್ಲಿ ಸೋಸಬೇಕು. ಚೂರು ಸಿಪ್ಪೆ ಉಳಿದರೂ ನಳಿಕೆ ಕಟ್ಟಿಕೊಳ್ಳುತ್ತದೆ. ಒಂದು ಸಲಕ್ಕೆ 200ರಿಂದ 250 ಎಂ.ಎಲ್., ನೇರ ಕೂರಿಸಿ, ಸಿರಿಂಜಿನಿಂದ ನಿಧಾನಕ್ಕೆ ಬಿಡಬೇಕು. ಕೊನೆಗೆ ನೀರು ಬಿಟ್ಟು ನಳಿಕೆ ತೊಳೆಯಬೇಕು. ಅರ್ಧ ಗಂಟೆ ಮಲಗಲು ಬಿಡಬಾರದು. ಮಲಗಿದರೆ ಊಟ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಅವಳು ಇದನ್ನು ವಾರ್ಡಿನ ಸಿಸ್ಟರ್ ಹತ್ತಿರ ಒಮ್ಮೆ ನೋಡಿ ಕಲಿತಿದ್ದಳು. ಡೈರಿಯಲ್ಲಿ ಹೊತ್ತು, ಪ್ರಮಾಣ ಬರೆದಿಡುತ್ತಿದ್ದಳು. ಮಗು ಬೇರೆ. ಆಸ್ಪತ್ರೆಗೆ ಬಂದ ನೆಂಟರೆಲ್ಲ ಹೊಗಳಿದ್ದು ಹಿರಿಮಗನನ್ನು.

ಆ ಮನೆಯಲ್ಲಿ ಸೊಸೆ ಮಾವನ ಎದುರು ಕೂರುವವಳಲ್ಲ. ಮಾತಾಡಬೇಕಾದರೆ ಅಡುಗೆ ಮನೆ ಬಾಗಿಲ ಹಿಂದೆ ನಿಂತು, ಸೆರಗು ತಲೆಮೇಲೆ ಎಳೆದುಕೊಂಡು ಮಾತಾಡುತ್ತಿದ್ದವಳು. ಈಗ ಮಾವನ ಮೂಗಿನ ನಳಿಕೆ ಅವಳ ಕೈಯಲ್ಲಿ, ಬಾಯಿಂದ ಸುರಿಯುವ ಜೊಲ್ಲು ಒರೆಸುವ ಬಟ್ಟೆ ಅವಳ ಹೆಗಲ ಮೇಲೆ. ಅವಳಿಗೆ ಅಭ್ಯಾಸವಾಯಿತು, ಅವರಿಗೆ ಆಗಲಿಲ್ಲ. ಅವಳು ಸಿರಿಂಜ್ ಹಿಡಿದು ಬಂದಾಗಲೆಲ್ಲ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮನೆಯವರು ಅದನ್ನು ಸುಸ್ತು ಎಂದುಕೊಂಡರು. ಮಧ್ಯಾಹ್ನದ ಎರಡು ಸಲ ಕೈಸನ್ನೆ ಮಾಡಿ ಬೇಡ ಎನ್ನುವುದು ಶುರುವಾಯಿತು. ಆಪರೇಷನ್ ಮುಂಚೆ 61 ಕಿಲೋ ಇದ್ದವರು ರೇಡಿಯೇಷನ್ನಿಗೆ ಬರುವಾಗ 56 ಕಿಲೋಗೆ ಇಳಿದಿದ್ದರು.

ಹದಿನೈದು ಕರೆಂಟ್ ಆದ ಮೇಲೆ

ನಮ್ಮ ಜನ ರೇಡಿಯೇಷನ್ನಿಗೆ ಕರೆಂಟ್ ಕೊಡುವುದು ಎನ್ನುತ್ತಾರೆ. ಇವರಿಗೆ ಬರೆದಿದ್ದು ವಾರಕ್ಕೆ ಐದು ದಿನದಂತೆ 30 ಸಲ, ಒಟ್ಟು 60 ಗ್ರೇ (ಗ್ರೇ ಎಂದರೆ ರೇಡಿಯೇಷನ್ ಅಳೆಯುವ ಮಾನ). ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕಿಮೋ. ಅಮ್ಮ ಜೊತೆಗಿದ್ದರು. ಆರು ವಾರಕ್ಕೆ ಧರ್ಮಶಾಲೆಯಲ್ಲಿ ಜಾಗ ಸಿಕ್ಕಿತು. ಮುಖದ ಅಳತೆಗೆ ಸರಿಯಾಗಿ ಜಾಲರಿಯ ಮುಖವಾಡ ಮಾಡಿ ಮೇಜಿಗೆ ಬಿಗಿಯುತ್ತಾರೆ, ಅಲುಗಾಡಬಾರದೆಂದು. ಒಳಗಿರುವುದು ಹತ್ತು ಹದಿನೈದು ನಿಮಿಷ, ಹೊರಗೆ ಕಾಯುವುದು ಅರ್ಧ ದಿನ.

ಎರಡನೇ ವಾರದ ಕೊನೆಗೆ ಬಾಯಿಯ ಒಳಗೆಲ್ಲ ಹುಣ್ಣು ಎದ್ದಿತು. ಜೊಲ್ಲು ಅಂಟಂಟಾಯಿತು, ಕುತ್ತಿಗೆ ಚರ್ಮ ಸುಟ್ಟಂತೆ ಕಪ್ಪಾಯಿತು. ಇದು ಎಲ್ಲರಿಗೂ ಆಗುವಂಥದ್ದೇ, ಮುಗಿದ ಕೆಲವು ವಾರಕ್ಕೆ ಇಳಿಯುತ್ತದೆ. ಗೊತ್ತಿದ್ದವರು ಹಲ್ಲು ಕಚ್ಚಿ ತಡೆಯುತ್ತಾರೆ. ಆದರೆ ಹುಣ್ಣು ತೆಗೆಯಲು ಆಪರೇಷನ್ ಎಂದಷ್ಟೇ ಮನೆಯವರಿಂದ ಕೇಳಿದವರಿಗೆ, ಆಪರೇಷನ್ ಆದ ಮೇಲೂ ಹೊಸದಾಗಿ ಬಾಯಿತುಂಬ ಹುಣ್ಣು ಬರಿಸುವ ಈ ಕರೆಂಟ್ ಯಾಕೆ? ಅಪ್ಪನಿಗೆ ಇದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ನಾಲ್ಕನೇ ವಾರದ ಸೋಮವಾರ, ಹದಿನೈದು ಸಲ ಮುಗಿದಿದ್ದಾಗ, ಅವರು ಮಂಚ ಬಿಟ್ಟು ಏಳಲಿಲ್ಲ. ಮಂಗಳವಾರವೂ ಇಲ್ಲ. ಬ್ಯಾಗ್ ತುಂಬಿಸು, ಊರಿಗೆ ಹೋಗೋಣ ಎಂದು ಅಮ್ಮನಿಗೆ ಸನ್ನೆ ಮಾಡಿದರು. ರೇಡಿಯೇಷನ್ ವಿಭಾಗದಿಂದ ಎರಡು ದಿನ ಗೈರು ಎಂದು ನನಗೆ ತಿಳಿಸಿದರು.

ಗೈರನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕುತ್ತಿಗೆ, ಬಾಯಿ ಭಾಗದ ಕ್ಯಾನ್ಸರಿನಲ್ಲಿ ರೇಡಿಯೇಷನ್ ನಡುವೆ ಬಿಡುವು ಸಿಕ್ಕರೆ ಉಳಿದ ಕಣಗಳು ಮತ್ತೆ ಚುರುಕಾಗಿ ಹೆಚ್ಚಿಕೊಳ್ಳುತ್ತವೆ. ಚಿಕಿತ್ಸೆ ಒಂದು ದಿನ ಲಂಬಿಸಿದರೆ ಕಾಯಿಲೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ.

ಮಂಗಳವಾರ ಮಧ್ಯಾಹ್ನ ಹೋಗಿ ಅವರ ಪಕ್ಕ ಕೂತೆ. ಅಮ್ಮ ಔಷಧಿ ಅಂಗಡಿಗೆ ಹೋಗಿದ್ದರು. ಮಾತಾಡಿದರೆ ನೋವು, ಆಡಿದ ಮಾತು ತಿಳಿಯುವುದೂ ಕಷ್ಟ. ಹಾಗಾಗಿ ಅವರ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಇಂಥ ಹೊತ್ತಿನಲ್ಲಿ ನಾನು ಏನನ್ನೂ ಹೇಳಲು ಹೋಗುವುದಿಲ್ಲ, ಮೊದಲು ಕೇಳುತ್ತೇನೆ. ‘ನಿಮಗೆ ಏನಾಗಿದೆ ಅಂತ ನಿಮಗನ್ಸುತ್ತೆ ಯಜಮಾನ್ರೆ?’ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಬರೆದರು: ‘ಗೇಟಿನ ಮೇಲೆ ಇಷ್ಟು ದೊಡ್ಡ ಬೋರ್ಡ್ ಐತೆ. ನಂಗೆ ಓದಕ್ಕೆ ಬರ್ತದೆ.’ ಕೆಳಗೆ ಇನ್ನೊಂದು ಸಾಲು: ‘ತೋಟ ಮಾರಿದಾರಾ?’

ಕ್ಯಾನ್ಸರ್ ಎಂಬುದು ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಮಕ್ಕಳಿಗೆ ಬೇಜಾರಾಗುತ್ತದೆ ಎಂದು ಗೊತ್ತಿಲ್ಲದವರಂತೆ ಇದ್ದರು. ಮಕ್ಕಳು ಅಪ್ಪನಿಗೆ ಸಾವಿನ ಭಯ ಬಾರದಿರಲಿ ಎಂದು ಎಲ್ಲ ಮುಚ್ಚಿಟ್ಟರು. ಅಪ್ಪನನ್ನು ತಿನ್ನುತ್ತಿದ್ದ ಭಯ ಸಾಲದ್ದು. ಹಿರಿಮಗ ಫೋನಿನಲ್ಲಿ ದುಡ್ಡಿನ ಮಾತಾಡುವಾಗ ಎದ್ದು ಹೊರಗೆ ಹೋಗುವುದು, ಅಮ್ಮನ ಕತ್ತಲ್ಲಿ ಸರ ಇಲ್ಲದಿರುವುದು, ಅಡಿಕೆ ಕೊಯ್ಲಿನ ಸುದ್ದಿಯನ್ನೇ ಕಿರಿಮಗ ಎತ್ತದಿರುವುದು, ಇದನ್ನೆಲ್ಲ ಕೂಡಿಸಿ ತೋಟ ಹೋಗಿದೆ ಎಂದು ತೀರ್ಮಾನಿಸಿದ್ದರು. ತಾನು ಒಂದೊಂದು ದಿನ ಹೆಚ್ಚು ಇದ್ದಷ್ಟೂ ಖರ್ಚು ಹೆಚ್ಚು. ಊರಿಗೆ ಹೋಗೋಣ ಎಂದದ್ದು ಅದಕ್ಕೆ. ನೋವು ಎರಡನೆಯ ಕಾರಣ.

ಅಂದು ಸಂಜೆಯೇ ಹಿರಿಮಗನನ್ನು ಕರೆಸಿದೆ. ಕಿರಿಮಗ, ಮಗಳು ರಾತ್ರಿ ಬಸ್ಸಿಗೆ ಹತ್ತಿ ಬೆಳಿಗ್ಗೆ ಬಂದರು. ರೇಡಿಯೇಷನ್ ಡಾಕ್ಟರು ತಮ್ಮ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಅಪ್ಪನ ಮುಖ ನೋಡಿ ಮಾತಾಡಿದರು, ಮಕ್ಕಳ ಮುಖ ನೋಡಿ ಅಲ್ಲ. ಕಣ್ಣಿಗೆ ಕಂಡದ್ದನ್ನೆಲ್ಲ ಆಪರೇಷನ್‌ನಲ್ಲಿ ತೆಗೆದಾಗಿದೆ, ಕಾಣದ್ದು ಉಳಿದಿರಬಹುದೆಂದು ಈ ಕರೆಂಟ್, ಅರ್ಧ ಮುಗಿದಿದೆ, ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥವಾಗಬಹುದು ಎಂದರು. ಕಾಯಿಲೆ ಮತ್ತೆ ಬರುವ ಸಂಭವವಿದೆಯೇ ಎಂದು ಅಪ್ಪ ಬರೆದು ತೋರಿಸಿದರು. ಇದೆ, ಬಂದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಮಗಳು ಅಳತೊಡಗಿದಳು. ಅಪ್ಪ ಅಳಲಿಲ್ಲ.

ಆಮೇಲೆ ಲೆಕ್ಕ. ಕಾರ್ಡಿನಲ್ಲಿ ಹೋಗಿದ್ದೆಷ್ಟು, ಕೈಯಿಂದ ಹೋಗಿದ್ದೆಷ್ಟು, ಸರ ಎಷ್ಟಕ್ಕೆ ಇಟ್ಟದ್ದು, ಎಲ್ಲವನ್ನೂ ಹಿರಿಮಗ ಬರೆದು ತೋರಿಸಿದ. ತೋಟ ಮಾರಿಲ್ಲ, ಕೇಣಿಗೆ ಕೊಟ್ಟಿದೆ ಎಂದ. ಎಷ್ಟಕ್ಕೆ ಎಂದು ಅಪ್ಪ ಕೇಳಿದರು. ದರ ನೋಡಿದ್ದೇ ತಡ ಪೆನ್ನು ಕಿತ್ತುಕೊಂಡು ಕಿರಿಮಗನಿಗೆ ಅರ್ಧ ಪುಟ ಬೈದು ಬರೆದರು. ಕಷ್ಟದಲ್ಲಿದ್ದಾರೆಂದು ತಿಳಿದೇ ಕೇಣಿದಾರ ದರ ಇಳಿಸಿದ್ದಾನೆ, ನನ್ನನ್ನೊಂದು ಮಾತು ಕೇಳಬಾರದಿತ್ತಾ ಎಂಬುದು ಅದರ ಸಾರ. ಮೂರು ತಿಂಗಳಲ್ಲಿ ಅವರು ಮನೆಯ ಯಾವ ವಿಷಯಕ್ಕಾದರೂ ಯಜಮಾನನಂತೆ ಮಾತಾಡಿದ್ದು ಅದೇ ಮೊದಲು. ಕಿರಿಮಗ ತಲೆ ತಗ್ಗಿಸಿ ಕೇಳಿಸಿಕೊಂಡ. ಬುಧವಾರ ಮಧ್ಯಾಹ್ನವೇ ಅಪ್ಪ ಕರೆಂಟ್ ಸಾಲಿನಲ್ಲಿ ಕೂತಿದ್ದರು. ತಪ್ಪಿದ ಎರಡು ದಿನವನ್ನು ಮುಂದಿನ ಎರಡು ಶನಿವಾರ ಸೇರಿಸಿ ಸರಿದೂಗಿಸಿದರು.

ಕೆಲಸ ಹಂಚಿಕೊಂಡದ್ದು

ಅಂದಿನ ಮಾತುಕತೆಯಲ್ಲಿ ಯಾರು ಏನು ಮಾಡುವುದೆಂದೂ ಗೊತ್ತುಮಾಡಿಕೊಂಡೆವು, ಅಪ್ಪನ ಪಾಲೂ ಸೇರಿ. ಇದೇ ಮುಖ್ಯ ಎಂದು ನನಗೆ ಅನಿಸುತ್ತದೆ. ರೋಗಿಗೆ ಮನೆಯವರು ಕೆಲಸ ಮಾಡುವುದಷ್ಟೇ ಸೇವೆ ಎಂದು ನಾವು ತಿಳಿದಿದ್ದೇವೆ. ಆದರೆ ಯಾವ ಕೆಲಸವೂ ಉಳಿಯದ ಮನುಷ್ಯ ಮಂಚದ ಮೇಲೆ ಬರೀ ಖರ್ಚಿನ ಬಾಬತ್ತು ಆಗಿಬಿಡುತ್ತಾನೆ, ತನ್ನ ಕಣ್ಣಿಗೇ.

ಅಪ್ಪ ನಳಿಕೆ ಊಟ ತಾವೇ ಹಾಕಿಕೊಳ್ಳಲು ಕಲಿತರು. ಕನ್ನಡಿ ಎದುರಿಗಿಟ್ಟುಕೊಂಡು, ಎಡಗೈಲಿ ನಳಿಕೆ ಮಡಿಚಿ ಹಿಡಿದು, ಬಲಗೈಲಿ ಸಿರಿಂಜ್ ಎತ್ತಿ, ಮೂಗಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಹಿಡಿದು, ಅಂಬಲಿ ತಾನಾಗೇ ಇಳಿಯುವಂತೆ ಬಿಡುವುದು. ತೋಟಕ್ಕೆ ಡ್ರಿಪ್ ಕಟ್ಟಿದ ಕೈ, ಎರಡೇ ದಿನಕ್ಕೆ ಬಂತು. ನಳಿಕೆ ಮೂಗಿನ ಹತ್ತಿರ ಎಷ್ಟನೇ ಗುರುತಿಗಿದೆ ಎಂದು ಪ್ರತಿ ಸಲ ನೋಡಿಕೊಳ್ಳುತ್ತಿದ್ದರು, ಗುರುತು ಜರುಗಿದ್ದರೆ ಊಟ ಬಿಡಬಾರದೆಂದು ಹೇಳಿಕೊಟ್ಟಿದ್ದೆವು. ಸೊಸೆ ಹತ್ತಿರ ಹಾಕಿಸಿಕೊಳ್ಳುವಾಗ ಬಿಟ್ಟುಬಿಡುತ್ತಿದ್ದ ಮಧ್ಯಾಹ್ನದ ಊಟ ಮತ್ತೆ ತಪ್ಪಲಿಲ್ಲ. ಕರೆಂಟಿನ ಕಾರ್ಡ್, ಕಿಮೋ ತಾರೀಖು, ರಕ್ತಪರೀಕ್ಷೆಯ ಚೀಟಿ ಅವರ ಜೇಬಿಗೇ ಹೋಯಿತು. ಕೇಣಿದಾರನ ಜೊತೆ ಮುಂದಿನ ಮಾತು ನಾನೇ ಆಡುತ್ತೇನೆ ಎಂದು ಬರೆದುಕೊಟ್ಟರು.

ಡಾಕ್ಟರ ಜೊತೆ ಮಾತಾಡುವುದು, ಫೈಲ್ ಇಟ್ಟುಕೊಳ್ಳುವುದು ಮಗಳಿಗೆ ಬಂತು. ಮೂವರು ಮಕ್ಕಳು ಮೂರು ಸಲ ಒಂದೇ ಪ್ರಶ್ನೆ ಕೇಳಿ ಮೂರು ಉತ್ತರ ತಿಳಿದುಕೊಂಡು ಜಗಳಾಡುವುದು ಅಲ್ಲಿಗೆ ನಿಂತಿತು. ನೆಂಟರೊಬ್ಬರು ನಾಟಿ ಔಷಧಿಯ ಪುಡಿ ತಂದಾಗ ಅದನ್ನೂ ಅವಳು ಡಾಕ್ಟರ ಮುಂದೆಯೇ ಇಟ್ಟಳು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಭಾರ, ಏನಿದೆಯೋ ಗೊತ್ತಿಲ್ಲದ ಪುಡಿ ಅದರ ಜೊತೆ ಬೇಡ ಎಂದರು. ಅಪ್ಪ ಒಪ್ಪಿದರು. ಅಷ್ಟಾದರೂ ಐದನೇ ಕಿಮೋ ಹೊತ್ತಿಗೆ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಏರಿ ಆರನೆಯದನ್ನು ಬಿಡಬೇಕಾಯಿತು. ಕಿರಿಮಗ ಊರಲ್ಲಿ, ಹಿರಿಮಗ ಶನಿವಾರ, ಭಾನುವಾರ ಮತ್ತು ದುಡ್ಡಿನ ಓಡಾಟಕ್ಕೆ.

ಅಮ್ಮನನ್ನು ಯಾರೂ ನೋಡಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಾ, ಗಂಡ ಬಾಯಲ್ಲಿ ತಿನ್ನದೆ ಇರುವಾಗ ನನಗೇನು ಊಟ ಎಂದು ಬನ್ನು, ಟೀ ಮೇಲೆ ದಿನ ನೂಕುತ್ತಾ, ಸಕ್ಕರೆ ಮಾತ್ರೆಯನ್ನೂ ಬಿಟ್ಟಿದ್ದರು. ಪರೀಕ್ಷೆ ಮಾಡಿಸಿದರೆ 300 ದಾಟಿತ್ತು. ಅಲ್ಲಿಂದ ಗಂಡನ ವಾರದ ರಕ್ತಪರೀಕ್ಷೆಯ ದಿನವೇ ಅವರ ಸಕ್ಕರೆಯನ್ನೂ ನೋಡುವುದೆಂದು ಮಾಡಿದೆವು. ಶನಿವಾರ, ಭಾನುವಾರ ಹಿರಿಮಗ ಧರ್ಮಶಾಲೆಗೆ ಬಂದು, ಅಮ್ಮ ಅವನ ರೂಮಿಗೆ ಹೋಗಿ ಮಂಚದ ಮೇಲೆ ಮಲಗಬೇಕು. ಮೊದಲ ವಾರ ಅವರು ಒಪ್ಪಲಿಲ್ಲ. ಅಪ್ಪ ನೋಟ್‌ಬುಕ್ಕಿನಲ್ಲಿ ‘ಹೋಗು’ ಎಂದು ಬರೆದ ಮೇಲೆ ಹೋದರು.

ಊರಿಗೆ ಬಂದ ಮೇಲೆ

ಮೂವತ್ತನೆಯದು ಮುಗಿದಾಗ ತೂಕ 52. ಊರಿನಲ್ಲಿ ಮಗುವನ್ನು ಅಜ್ಜನ ಹತ್ತಿರ ಬಿಡುತ್ತಿರಲಿಲ್ಲ, ಕರೆಂಟ್ ತಾಗುತ್ತದೆಂದು. ತಟ್ಟೆ ಲೋಟ ಬೇರೆ. ಹೊರಗಿನಿಂದ ಯಂತ್ರದಲ್ಲಿ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ, ಈ ಕ್ಯಾನ್ಸರ್ ಎಂಜಲಿನಿಂದಾಗಲಿ ಮುಟ್ಟುವುದರಿಂದಾಗಲಿ ಅಂಟುವುದೂ ಇಲ್ಲ. ಫೋನಿನಲ್ಲಿ ಹೇಳಿದೆ. ಮನೆಯವರು ನಂಬಿದರು, ಅಕ್ಕಪಕ್ಕದವರು ನಂಬಲು ವರ್ಷ ಹಿಡಿಯಿತು.

ನಾನು ಕಂಡಂತೆ ಕುಟುಂಬಗಳು ಸೋಲುವುದು ಈ ಹಂತದಲ್ಲಿ. ಚಿಕಿತ್ಸೆ ನಡೆಯುವಾಗ ತಾರೀಖು ಇರುತ್ತದೆ, ಸಾಲು ಇರುತ್ತದೆ, ಎಲ್ಲರೂ ಓಡುತ್ತಾರೆ. ಮುಗಿಯಿತೆಂದ ಮೇಲೆ ಒಬ್ಬೊಬ್ಬರೇ ತಮ್ಮ ಕೆಲಸಕ್ಕೆ ಹೋಗುತ್ತಾರೆ, ರೋಗಿಗೆ ನಿಜವಾದ ಕಷ್ಟ ಆಗ ಶುರು. ಬಾಯಿ ತೆರೆಯುವ ವ್ಯಾಯಾಮವನ್ನು ಬಿಟ್ಟರೆ ದವಡೆ ಬಿಗಿದುಕೊಳ್ಳುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತಳ್ಳಿ, ವಾರ ವಾರ ಒಂದು ಹೆಚ್ಚಿಸಲು ನೋಡಬೇಕು. ಅಪ್ಪ ಏಳು ಕಡ್ಡಿಯಿಂದ ಶುರು ಮಾಡಿ ಹದಿಮೂರಕ್ಕೆ ಬಂದು ನಿಂತರು. ಜೊಲ್ಲುಗ್ರಂಥಿ ಒಣಗಿದ್ದರಿಂದ ನೀರಿನ ಬಾಟಲಿ ಸದಾ ಜೊತೆಗೆ. ಉಪ್ಪು, ಸೋಡಾ ಹಾಕಿದ ನೀರಿನಲ್ಲಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ಉಳಿದ ಹಲ್ಲನ್ನು ಕೇಳದೆ ಎಲ್ಲೂ ಕೀಳಿಸಬಾರದು. ರೇಡಿಯೇಷನ್ ಬಿದ್ದ ದವಡೆಯಲ್ಲಿ ಹಲ್ಲು ಕಿತ್ತರೆ ಮೂಳೆ ಕೊಳೆಯುವ ಅಪಾಯವಿದೆ. ಹಲ್ಲು ಕೀಳಿಸಿಯೇ ಕಾಯಿಲೆ ಗೊತ್ತಾದ ಮನೆಯಾದ್ದರಿಂದ ಈ ಮಾತು ಅವರಿಗೆ ಬೇಗ ನಾಟಿತು.

ಎದೆಯ ಚರ್ಮ ತಂದು ಹೊಲಿದಿದ್ದರಿಂದ ಕೆನ್ನೆಯ ಒಳಗೆ ಅಲ್ಲಲ್ಲಿ ಕೂದಲು ಬೆಳೆಯಿತು. ಇದನ್ನು ಯಾರಿಗೂ ಹೇಳಲಾಗದೆ ಅಪ್ಪ ನಾಚಿಕೆಯಿಂದ ಕೊರಗಿದ್ದರು. ಈ ಬಗೆಯ ಆಪರೇಷನ್ ಆದ ಗಂಡಸರಲ್ಲಿ ಇದು ಇದ್ದದ್ದೇ ಎಂದು ಮೊದಲೇ ಯಾರಾದರೂ ಹೇಳಿಬಿಟ್ಟರೆ ಎಷ್ಟೋ ಸಂಕಟ ತಪ್ಪುತ್ತದೆ.

ನಳಿಕೆ ತೆಗೆದ ಮೇಲೆ ಬಾಯಿಂದ ಮೊದಲು ತಿಂದದ್ದು ಮೆತ್ತಗಿನ ರಾಗಿ ಮುದ್ದೆ. ಅಗಿಯುವ ಕೆಲಸವಿಲ್ಲ, ಸಾರು ಧಾರಾಳ ಇದ್ದರೆ ಜಾರಿ ಹೋಗುತ್ತದೆ. ಸೊಸೆ ಖಾರವಿಲ್ಲದ ಬಸ್ಸಾರು ಮಾಡಿ, ಮುದ್ದೆಯನ್ನು ಗೋಲಿ ಗಾತ್ರಕ್ಕೆ ಮುರಿದು ಕೊಟ್ಟಳಂತೆ. ರುಚಿ ಗೊತ್ತಾಗಲು ಇನ್ನೂ ನಾಲ್ಕೈದು ತಿಂಗಳು ಬೇಕಾಯಿತು. ತೂಕ ನಿಧಾನಕ್ಕೆ 57ಕ್ಕೆ ಏರಿತು.

ಮಾತು ಮೊದಲಿನಂತೆ ಆಗಲಿಲ್ಲ. ಫೋನ್ ಬಂದರೆ ಕಿರಿಮಗ ಕಿತ್ತುಕೊಂಡು ತಾನೇ ಉತ್ತರಿಸುತ್ತಿದ್ದ, ಅಪ್ಪನಿಗೆ ಶ್ರಮವಾಗಬಾರದೆಂದು. ಅದನ್ನು ಬಿಡಲು ಹೇಳಿದೆ. ಎದುರಿನವರಿಗೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಲಿ, ಹೇಳಿದಷ್ಟೂ ನಾಲಿಗೆ ತಿರುಗುತ್ತದೆ. ಮದುವೆ, ತಿಥಿ ಎಂದು ಕರೆದರೆ ಅಪ್ಪ ವರ್ಷವಿಡೀ ಹೋಗಲಿಲ್ಲ, ನಾಲ್ಕು ಜನರ ಪಂಕ್ತಿಯಲ್ಲಿ ಕೂತು ಉಣ್ಣುವುದು ಆಗದೆಂದು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೊದಲು ಹೊರಗೆ ಹೋಗಿದ್ದು ಚನ್ನಗಿರಿಯ ಅಡಿಕೆ ವ್ಯಾಪಾರಕ್ಕೆ. ಆ ವರ್ಷ ಕೇಣಿಗೆ ಕೊಡದೆ ಮನೆಯಲ್ಲೇ ಕೊಯ್ದು, ಸುಲಿದು, ಬೇಯಿಸಿದ್ದರು. ದರವನ್ನು ಅಪ್ಪನೇ ಮಾತಾಡಿದರು. ಸರ ಬಿಡಿಸಿಕೊಂಡು ಬಂದರು.

ಪರೀಕ್ಷೆಗೆ ಮೊದಲ ವರ್ಷ ಎರಡು ತಿಂಗಳಿಗೊಮ್ಮೆ ಬಂದರು, ಈಗ ನಾಲ್ಕು ತಿಂಗಳಿಗೊಮ್ಮೆ. ದಾವಣಗೆರೆಯಿಂದ ರೈಲು. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೋ ಪರೀಕ್ಷೆಗೋ ಹೋಗಿಬರುವಾಗ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಶೇ 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ತರಬೇಕು. ಎಷ್ಟೋ ಜನ ಕೇಳದೆ ಪೂರ್ತಿ ದುಡ್ಡು ಕೊಟ್ಟು ಓಡಾಡುತ್ತಾರೆ. ಒಂದೂವರೆ ವರ್ಷದ ಹೊತ್ತಿಗೆ ಸದಾ ಸುಸ್ತು, ಚಳಿ ಎನ್ನತೊಡಗಿದರು. ಕಾಯಿಲೆ ಮರಳಿತೆಂದು ಮನೆಮಂದಿ ನಡುಗಿದರು. ಪರೀಕ್ಷೆಯಲ್ಲಿ ಕಂಡದ್ದು ಥೈರಾಯ್ಡ್ ಕಡಿಮೆಯಾದದ್ದು. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಇದು ಸಾಮಾನ್ಯ, ಆರು ತಿಂಗಳಿಂದ ವರ್ಷದೊಳಗೆ ಒಮ್ಮೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಬೇಕು. ದಿನಕ್ಕೊಂದು ಮಾತ್ರೆಯಲ್ಲಿ ಸರಿಯಾಯಿತು. ಎರಡು ವರ್ಷ ದಾಟಿದೆ, ಈವರೆಗೆ ಕಾಯಿಲೆ ಮರಳಿಲ್ಲ.

ಇನ್ನೂ ಮುಗಿಯದ ವಿಷಯ

ಅಪ್ಪ ಎಲೆ ಅಡಿಕೆ, ಹೊಗೆಸೊಪ್ಪು ಎರಡನ್ನೂ ಬಿಟ್ಟರು. ಬಿಟ್ಟರೂ ಊಟವಾದ ಮೇಲೆ ಕೈ ಸಂಚಿ ಹುಡುಕುವುದು ತಿಂಗಳುಗಟ್ಟಲೆ ನಿಲ್ಲಲಿಲ್ಲವೆಂದು ಅವರೇ ಹೇಳಿದರು. ಹೊಗೆಸೊಪ್ಪು ಬಿಡಿಸಲು ರಾಷ್ಟ್ರೀಯ ಸಹಾಯವಾಣಿ 1800 11 2356 ಇದೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅಮ್ಮ ಹೊಗೆಸೊಪ್ಪು ಬಿಟ್ಟಿದ್ದಾರೆ, ಊಟವಾದ ಮೇಲೆ ಒಂದು ಹೋಳು ಅಡಿಕೆ ಬಿಟ್ಟಿಲ್ಲ. ಕಿರಿಮಗನದು ಬೇರೆ ಕಥೆ. ಕರ್ನಾಟಕದಲ್ಲಿ ಗುಟ್ಕಾ ಮಾರಾಟ 2013ರಲ್ಲೇ ನಿಷೇಧವಾಗಿದೆ. ಅಂಗಡಿಯವನು ಪಾನ್ ಮಸಾಲಾ ಒಂದು, ತಂಬಾಕು ಒಂದು, ಎರಡು ಚೀಟಿ ಕೊಡುತ್ತಾನೆ, ತಿನ್ನುವವನು ಬಾಯಲ್ಲಿ ಬೆರೆಸಿಕೊಳ್ಳುತ್ತಾನೆ. ಅಪ್ಪನ ಫೈಲ್ ಹಿಡಿದು ಓಡಾಡಿದ ದಿನಗಳಲ್ಲೂ ಅವನ ಜೇಬಿನಲ್ಲಿ ಅದಿತ್ತು.

ಕಳೆದ ಸಲ ಪರೀಕ್ಷೆಗೆ ಬಂದಾಗ ಅಪ್ಪನೇ ಅವನನ್ನು ಎಳೆದುಕೊಂಡು ಬಂದಿದ್ದರು. ಡಾಕ್ಟರ ಕೋಣೆಯಲ್ಲಿ ತಮ್ಮ ಸರದಿ ಮುಗಿದ ಮೇಲೆ, ‘ಇವನ ಬಾಯೀನೂ ನೋಡ್ರಿ ಸಾರ್’ ಎಂದರು. ನಾನು ಪಕ್ಕದಲ್ಲಿದ್ದೆ. ನಾಲಿಗೆ ತೊಡರಿದರೂ ಮಾತು ಸ್ಪಷ್ಟವಿತ್ತು. ಕಿರಿಮಗನಿಗೆ 29 ವರ್ಷ. ಬಾಯಿ ಎರಡೂವರೆ ಬೆರಳು ತೆರೆಯುತ್ತದೆ, ಬಲಗಡೆ ಕೆನ್ನೆಯ ಒಳಗೆ ಬಿಳಿಯ ಮಚ್ಚೆ. ಬಯಾಪ್ಸಿ ಮಾಡಿದರು, ಕ್ಯಾನ್ಸರ್ ಇಲ್ಲ. ತಂಬಾಕು ನಿಲ್ಲಿಸಿದ್ದೇನೆ ಎನ್ನುತ್ತಾನೆ. ಪಾನ್ ಮಸಾಲಾ ಇನ್ನೂ ಪೂರ್ತಿ ನಿಂತಿಲ್ಲ ಎಂದು ಅವನ ಹೆಂಡತಿ ನನಗೆ ಫೋನಿನಲ್ಲಿ ಹೇಳಿದಳು. ಅಪ್ಪನ ಮುಂದಿನ ತಾರೀಖಿಗೆ ಅವನ ಹೆಸರಿನಲ್ಲೂ ಒಂದು ಒಪಿಡಿ ಚೀಟಿ ಮಾಡಿಸಿಟ್ಟಿದ್ದೇನೆ.